ಮೂರು ಸುತ್ತಿನ ಕಾಯಿಲ್

ಗುರುವಾರ ಮಧ್ಯಾಹ್ನ ಮೊದಲ ರೇಡಿಯೊ ಬೋರ್ಡನ್ನು ಅಳತೆಗೆ ಇಟ್ಟಾಗ ಪರದೆಯ ಮೇಲಿನ ಗೆರೆ ಇರಬೇಕಾದ ಜಾಗದಲ್ಲೇ ಎದ್ದಿತು, ಆದರೆ ಏಳಬೇಕಾದಷ್ಟು ಎತ್ತರಕ್ಕೆ ಏಳಲಿಲ್ಲ. ಕಂಪನಾಂಕ ಸರಿಯಿತ್ತು, ಬಲ ಇರಲಿಲ್ಲ. ಪ್ಲಸ್ ಐದು ತೋರಿಸಬೇಕಾದ ಕಡೆ ಮೈನಸ್ ನಾಲ್ಕು ತೋರಿಸುತ್ತಿತ್ತು. ಈ ಅಳತೆಯಲ್ಲಿ ಒಂಬತ್ತು ಅಂಕ ಇಳಿಯಿತೆಂದರೆ ಬಲ ಎಂಟರಲ್ಲೊಂದು ಪಾಲಿಗೆ ಇಳಿದಂತೆ. ಎರಡನೆಯ ಬೋರ್ಡು ಇಟ್ಟೆ, ಮೂರನೆಯದು ಇಟ್ಟೆ. ಸಂಜೆಯೊಳಗೆ ಎಂಟೂ ನೋಡಿ ಮುಗಿಸಿದೆ. ಎಂಟೂ ಹಾಗೇ.

ಶಿರಗುಪ್ಪಿಯಿಂದ ಕಾಗವಾಡಕ್ಕೆ ಬರುವ ರಸ್ತೆಯ ಪಕ್ಕ, ಕಬ್ಬಿನ ಹೊಲಗಳ ನಡುವೆ, ತಗಡಿನ ಮಾಡಿನ ಒಂದು ವರ್ಕ್‌ಶಾಪಿನಲ್ಲಿ ನಾನು ಕೆಲಸ ಮಾಡುತ್ತೇನೆ. ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಸೇರಿ ಆಗ ಎರಡು ವರ್ಷವಾಗಿತ್ತು. ಮಾಲಕರ ತಂದೆಯ ಕಾಲದಿಂದ ಅಲ್ಲಿ ಪಂಪಿನ ಮೋಟಾರುಗಳಿಗೆ ಸ್ಟಾರ್ಟರ್ ಮಾಡುತ್ತಿದ್ದರು, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಿದ್ದರು. ಆ ವರ್ಷ ಮೊದಲ ಸಲ ರೇಡಿಯೊ ಕೆಲಸಕ್ಕೆ ಕೈ ಹಾಕಿದ್ದೆವು.

ಕೃಷ್ಣೆಯ ದಂಡೆಗುಂಟ ನೀರೆತ್ತುವ ಮೋಟಾರುಗಳನ್ನು ಕೂರಿಸಿದ ದೊಡ್ಡ ಬಾವಿಗಳಿವೆ. ಅವಕ್ಕೆ ಇಲ್ಲಿ ಜಾಕ್‌ವೆಲ್ ಎನ್ನುತ್ತಾರೆ. ಮೇಲೆ ಘಟ್ಟದಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿರುವಾಗಲೇ ಹೊಳೆ ಏರುತ್ತದೆ. ನೀರು ಗುರುತು ಮುಟ್ಟಿದ ಕೂಡಲೇ ಊರಿಗೆ ಸುದ್ದಿ ಮುಟ್ಟಿಸಿ, ಮೋಟಾರು ಮುಳುಗುವ ಮೊದಲು ಮೇಲೆತ್ತಲು ಹೊತ್ತು ಕೊಡುವ ಪೆಟ್ಟಿಗೆ ನಮ್ಮದು. ಅದರೊಳಗಿನ ಬೋರ್ಡಿನಲ್ಲಿ ರೇಡಿಯೊ ಕಂಪನ ಹುಟ್ಟಿಸುವುದು ಉಗುರಿನ ಅರ್ಧದಷ್ಟಿರುವ ಒಂದು ಸಿಂಥಸೈಜರ್ ಚಿಪ್. ಅಲ್ಲಿಂದ ಹೊರಟ ಸಂಕೇತ ಒಂದು ಸೋಸುವ ಭಾಗವನ್ನು ದಾಟಿ ಆಂಟೆನಾಕ್ಕೆ ಹೋಗುತ್ತದೆ. ಆ ಸೋಸುವ ಭಾಗದಲ್ಲಿ ಜೋಳದ ಕಾಳಿನಷ್ಟಿರುವ ಎರಡು ತಾಮ್ರದ ಕಾಯಿಲ್‌ಗಳಿವೆ. ಬಲ ಎಂಟರಲ್ಲೊಂದು ಪಾಲಿಗೆ ಇಳಿದರೆ ಸುದ್ದಿ ಊರು ಮುಟ್ಟುವುದಿಲ್ಲ. ಹೊಳೆಯಿಂದ ಊರು ಅಷ್ಟು ಹತ್ತಿರವಿಲ್ಲ.

ಮಾಲಕರು ನನ್ನ ಮೇಜಿನ ಬಳಿ ಬಂದು ನಿಂತರು.

"ಏನಂತೈತ್ರಿ ಮೇಡಂ, ನಿಮ್ಮ ಮಷೀನು?"

"ಪವರ್ ಕಡಿಮಿ ಬರಾಕತ್ತೈತ್ರಿ. ಎಂಟರಾಗೂ."

"ಚಿಪ್ಪೋ, ಕಾಯಿಲ್ಲೋ?"

"ಇನ್ನಾ ಗೊತ್ತಾಗಿಲ್ರಿ."

ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿ ವರ್ಕ್‌ಶಾಪಿನ ಒಂದೇ ಒಳ್ಳೆಯ ಬೆಳಕಿನಲ್ಲಿ, ಕಾಕಾ ಕೂತಿದ್ದರು. ನನಗೆ ಸಂಬಂಧಿಕರಲ್ಲ, ಆದರೆ ಎಲ್ಲರಿಗೂ ಅವರು ಕಾಕಾ. ಮೂವತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು ಮೋಟಾರಿಗೆ ತಂತಿ ಕಟ್ಟಿದವರು. ಈಗೀಗ ಮೋಟಾರು ಸುಟ್ಟರೆ ಜನ ಮಿರಜಿಗೆ ಹೊತ್ತೊಯ್ಯುತ್ತಾರೆ, ಇಲ್ಲವೇ ಹೊಸದೇ ತರುತ್ತಾರೆ. ತಿಂಗಳಿಗೆ ನಾಲ್ಕು ಮೋಟಾರು ಬಂದರೆ ಹೆಚ್ಚು. ರೇಡಿಯೊ ಬೋರ್ಡಿನ ಕಾಯಿಲ್‌ಗಳು ಸಿದ್ಧವಾಗಿ ಎಲ್ಲೂ ಸಿಗದಿದ್ದಾಗ ಅವರಿಂದಲೇ ಕಟ್ಟಿಸೋಣ ಎಂದವಳು ನಾನು. ಎಂಟು ಬೋರ್ಡಿಗೆ ಹದಿನಾರು ಕಾಯಿಲ್. ಅವರಿಗೆ ಉಳಿದಿದ್ದ ನೆಟ್ಟಗಿನ ಕೆಲಸ ಅದೊಂದೇ.

"ಕಾಯಿಲ್ ಇದ್ರ ಹೇಳಿಬಿಡ್ರಿ," ಮಾಲಕರು ದನಿ ತಗ್ಗಿಸಿದರು. "ಸಾಂಗ್ಲ್ಯಾಗ ರೆಡಿ ಕಾಯಿಲ್ ಬಂದಾವಂತ. ಆಮ್ಯಾಗ ಆ ಕಿಡಕಿ ಹತ್ತಿರದ ಟೇಬಲ್ ನಿಮಗಽ. ಕಾಕಾಗೂ ವಯಸ್ಸಾತು. ಎಷ್ಟ ದಿನಾ ಅಂತ ಕುಂದ್ರಸೂದು?"

ದನಿ ತಗ್ಗಿಸಿದರೂ ತಗಡಿನ ಮಾಡಿನ ಕೆಳಗೆ ಎಲ್ಲ ಕೇಳಿಸುತ್ತದೆ. ಕಾಕಾ ತಲೆ ಎತ್ತಲಿಲ್ಲ. ಅವರ ಕೈ ಮಾತ್ರ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಆಗಲೇ ಸಾಂಗ್ಲಿಯ ವ್ಯಾಪಾರಿಯ ಫೋನು ಬಂತು. "ಸೋಮವಾರೀ ಸಾಂಗತೊ," ಎಂದರು ಮಾಲಕರು ಮರಾಠಿಯಲ್ಲಿ. ಸೋಮವಾರ ಹೇಳುತ್ತೇನೆ ಎಂದು. ನನ್ನ ಕಡೆ ತಿರುಗಿ, "ಕೇಳಿದ್ರೆಲ್ಲ? ಸೋಮವಾರ ಮುಂಜಾನೆ ನನಗ ಒಂದಽ ಮಾತು ಬೇಕು. ಚಿಪ್ಪು, ಇಲ್ಲಾ ಕಾಯಿಲ್ಲು," ಎಂದು ಹೊರಟರು.

ಶುಕ್ರವಾರ ಇಡೀ ದಿನ ನಾನು ಚಿಪ್ಪಿನ ಸುತ್ತಲೇ ಹುಡುಕಿದೆ. ಮೀಟರಿನ ಕೇಬಲ್ ಬದಲಿಸಿದೆ, ಅದೇ ಅಂಕಿ. ಚಿಪ್ಪಿಗೆ ಬರುವ ವಿದ್ಯುತ್ತನ್ನು ಅದರ ಕಾಲಿನ ಮೇಲೇ ಅಳೆದೆ, ಸರಿಯಿತ್ತು. ಬಲವನ್ನು ಎಷ್ಟಕ್ಕೆ ಇಡಬೇಕೆಂದು ಚಿಪ್ಪಿಗೆ ಹೇಳುವ ಸೂಚನೆಯನ್ನು ಓದಿಸಿ ನೋಡಿದೆ, ಗರಿಷ್ಠಕ್ಕೇ ಇತ್ತು. ಆ ಚಿಪ್ಪಿಗೆ ಹೊರಬರುವ ದಾರಿಗಳು ಎರಡು. ನಾವು ಬಳಸುವುದು ಒಂದನ್ನು. ಬಳಸದಿರುವುದನ್ನು ಹಾಗೇ ತೆರೆದಿಟ್ಟರೆ ಬಳಸುವ ಕಡೆಯೂ ಸೊರಗುತ್ತದೆ. ಅದಕ್ಕೆಂದೇ ಹಾಕಿದ್ದ ರೆಸಿಸ್ಟರನ್ನು ಎಂಟೂ ಬೋರ್ಡಿನಲ್ಲಿ ಅಳೆದೆ. ಎಲ್ಲ ಇದ್ದವು, ಬೆಸುಗೆಯೂ ಗಟ್ಟಿಯಾಗಿತ್ತು.

ಕೊನೆಗೆ ಶನಿವಾರ ಚಿಪ್ಪನ್ನೇ ಬದಲಿಸಿದೆ. ಬಿಸಿಗಾಳಿ ಹಿಡಿದು ಹಳೆಯದನ್ನು ಎತ್ತಿ, ಅದರ ಕೆಳಗಿನ ತವರ ಒರೆಸಿ, ಹೊಸದನ್ನು ಕೂರಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಪುಣೆಯಿಂದ ತರಿಸಿದ್ದರಲ್ಲಿ ಹೆಚ್ಚಿನ ಚಿಪ್ ಇದ್ದದ್ದು ಮೂರೇ. ಮೀಟರಿಗೆ ಜೋಡಿಸಿದೆ. ಮೈನಸ್ ನಾಲ್ಕು.

ಕಾಕಾ ಚಹಾದ ಎರಡು ಕಪ್ಪು ಹಿಡಿದು ಬಂದರು.

"ಏನವ್ವಾ, ನಿನ್ನ ಚಿಪ್ಪಿಗೆ ಇನ್ನಾ ಜಡ್ಡೇನು?"

"ಹೊಸಾದ ಹಾಕೇನ್ರಿ ಕಾಕಾ. ಅದೂ ಹಂಗಽ."

"ಎಲ್ಲಾ ಒಂದಽ ಚೀಲದ್ದು ಇರಬೇಕ ತಗೋ. ಒಂದ ಕಾಳಿಗಿ ಹುಳ ಹತ್ತಿದ್ರ ಚೀಲಕ್ಕೆಲ್ಲಾ ಹತ್ತತೈತಿ. ಪುಣೇದಾಗ ಯಾರೋ ನಿಮಗ ಹುಳುಕ ಮಾಲ ಹಾಕ್ಯಾರ."

ನಾನು ನಕ್ಕೆ. ಅವರು ನಗಲಿಲ್ಲ. ಕಪ್ಪನ್ನು ನನ್ನ ಮೇಜಿನ ಅಂಚಿಗೆ ಇಟ್ಟು, ಬೋರ್ಡಿನ ಕಡೆ ನೋಡದೆ ಹೋದರು.

ಸೋಸುವ ಭಾಗವನ್ನು ನಾನು ಕೊನೆಗೆ ಉಳಿಸಿಕೊಂಡಿದ್ದೆ. ಏಕೆ ಎಂದು ಆಗಲೂ ನನಗೆ ಗೊತ್ತಿತ್ತು. ಬೇರೆ ಯಾರಾದರೂ ಕೇಳಿದ್ದರೆ ಮೊದಲು ಅದನ್ನೇ ನೋಡಿ, ಹತ್ತು ನಿಮಿಷದ ಕೆಲಸ ಎನ್ನುತ್ತಿದ್ದೆ. ಹತ್ತು ನಿಮಿಷದ ಕೆಲಸವನ್ನು ಬಿಟ್ಟು ಅರ್ಧ ದಿನದ ಕೆಲಸವನ್ನು ಮೊದಲು ಮಾಡಿದ್ದೆ.

ಶನಿವಾರ ಸಂಜೆ ಆ ಹತ್ತು ನಿಮಿಷ ತೆಗೆದೆ. ಒಂದು ಬೋರ್ಡಿನ ಸೋಸುವ ಭಾಗವನ್ನು ಬಿಡಿಸಿ, ಚಿಪ್ಪಿನ ಬಾಯಿಂದ ಕೇಬಲ್ಲಿನವರೆಗೆ ಗಿಡ್ಡನೆಯ ತಂತಿಯನ್ನು ನೇರವಾಗಿ ಬೆಸೆದೆ. ಗೆರೆ ಎದ್ದಿತು. ಪ್ಲಸ್ ಐದೂವರೆ. ಚಿಪ್ಪು ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು.

ಭೂತಗನ್ನಡಿ ಹಿಡಿದು ಕಾಯಿಲ್ ನೋಡಿದೆ. ನಾಲ್ಕು ಸುತ್ತು. ಇನ್ನೊಂದರಲ್ಲಿ ನಾಲ್ಕು. ಬೇರೆ ಬೋರ್ಡುಗಳನ್ನೂ ತೆಗೆದು ಹದಿನಾರನ್ನೂ ಎಣಿಸಿದೆ. ಎಲ್ಲದರಲ್ಲೂ ನಾಲ್ಕು. ನಾನು ಮಾದರಿಗೆಂದು ಕಟ್ಟಿಕೊಟ್ಟದ್ದು ಮೂರು ಸುತ್ತಿನದು. ಅದನ್ನು ಒಂದು ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ದೊಡ್ಡದಾಗಿ ಮೂರು ಎಂದು ಬರೆದು, ಕಾಕಾ ಊಟಕ್ಕೆ ಹೋದಾಗ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೆ. ನನ್ನ ರೀತಿಯೇ ಹಾಗೆ. ಬಾಯಲ್ಲಿ ಹೇಳುವುದಕ್ಕಿಂತ ಬರೆದು ಇಡುವುದು ನನಗೆ ಸುಲಭ.

ಕಣ್ಣು ಮಂಜಾಗಿ ತಪ್ಪಿದ್ದರೆ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಐದು ಇರಬೇಕಿತ್ತು. ಹದಿನಾರೂ ಒಂದೇ ತೆರನಾಗಿದ್ದವು. ಸುತ್ತಿಗೂ ಸುತ್ತಿಗೂ ನಡುವೆ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಎಣಿಕೆ ತಪ್ಪಿದ ಕೈ ಅದಲ್ಲ. ಮತ್ತೆ ಏಕೆ ನಾಲ್ಕು ಎಂಬುದು ತಿಳಿಯಲಿಲ್ಲ.

ಮಾಲಕರು ಆಗಲೇ ಹೋಗಿದ್ದರು. ಅವರದು ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಕಾಕಾ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು.

"ಬಸ್ಸ ಬರೂ ಹೊತ್ತಾತು. ಬರ್ತೀಯಿಲ್ಲೋ?"

"ನೀವ ಹೋಗ್ರಿ ಕಾಕಾ. ನನಗ ಇನ್ನಾ ಚೂರ ಕೆಲಸೈತಿ."

ನನಗೆ ಕೆಲಸವಿರಲಿಲ್ಲ. ಬೋರ್ಡುಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಅವರ ಬಸ್ಸು ಹೋದ ಸದ್ದು ಕೇಳಿದ ಮೇಲೆ ಹೊರಬಂದೆ.

ಭಾನುವಾರ ಅವ್ವ ಮಂಗಸೂಳಿಗೆ ಹೋಗೋಣ ಎಂದಳು. ಅಲ್ಲಿಯ ಮಲ್ಲಯ್ಯನ ವಾರ ಅದು. ಮಂಗಸೂಳಿ ಕಾಕಾನ ಊರೂ ಹೌದು. ಬರುವುದಿಲ್ಲ ಎನ್ನಲು ಕಾರಣ ಕೊಡಬೇಕಾಗುತ್ತಿತ್ತು, ಹಾಗಾಗಿ ಹೋದೆ. ಗುಡಿಯಿಂದ ಇಳಿಯುವಾಗ ಮೆಟ್ಟಿಲ ಬುಡದಲ್ಲಿ ಅವರು ಸಿಕ್ಕರು. ಹಣೆಯ ತುಂಬ ಭಂಡಾರ, ಬಿಳಿ ಅಂಗಿಯ ಕೊರಳಿಗೂ ಅರಿಶಿನ ಹತ್ತಿತ್ತು. ಅವ್ವನನ್ನು ನೋಡಿ ನಿಂತರು.

"ವೈನಿ, ಮಗಳನ್ನ ಒಂದ ವಾರರೆ ನಗಸ್ರಿ. ಮೂರ ದಿನದಿಂದ ಮಾರಿ ಹುಳಿ ಮಜ್ಜಿಗಿ ಕುಡದಂಗ ಮಾಡ್ಯಾಳ."

"ಮನ್ಯಾಗೂ ಹಂಗಽ ಅದಾಳ್ರಿ," ಎಂದಳು ಅವ್ವ. "ಕೇಳಿದ್ರ ಏನಿಲ್ಲ ಅಂತಾಳ. ಅದಿರ್ಲಿ, ನೀವ ಕಟ್ಟಿದ ಮೋಟಾರ ಇನ್ನಾ ನಡ್ಯಾಕತ್ತೈತ್ರಿ. ಬಾಜೂ ಹೊಲದವರದು ಎರಡ ಸರ್ತಿ ಸುಟ್ಟು ಹೋತು."

ಕಾಕಾನ ಮುಖ ಅರಳಿತು. "ಸುಡೂದಿಲ್ಲರಿ ಅದು. ಹೊಲದಾಗಿನ ಕರೆಂಟಿಗೆ ನಂಬಿಗಿ ಇಲ್ಲ. ಐವತ್ತ ಸುತ್ತ ಅಂತ ಲೆಕ್ಕಿದ್ರ ನಾ ಐವತ್ತೊಂದ ಹಾಕಾವ. ಒಂದ ಸುತ್ತ ಕೊಸರು. ಹಾಲ ಹಾಕೂ ಮುದುಕಿ ಕೊಸರ ಹಾಕತಾಳ, ಕಾಯಿಪಲ್ಲೆ ಮಾರಾಕಿ ಕೊಸರ ಹಾಕತಾಳ. ನಾ ಹಾಕದಿದ್ರ ಹೆಂಗ? ಅಳತಿಗೆ ಅಷ್ಟಽ ಕೊಡಾಕ ನನ್ನ ಕೈ ಒಪ್ಪೂದಿಲ್ಲ."

ಐವತ್ತರ ಮೇಲೆ ಒಂದು ಹಾಕಿದರೆ ಮೋಟಾರಿಗೆ ಒಳ್ಳೆಯದೇ ಆದೀತು. ಮೂರರ ಮೇಲೆ ಒಂದು ಹಾಕಿದರೆ, ಬೇಡದ ಕಂಪನವನ್ನು ತಡೆಯಬೇಕಾದ ಕಾಯಿಲ್ ಬೇಕಾದದ್ದನ್ನೂ ತಡೆಯುತ್ತದೆ. ಅವರು ಮಾದರಿಯನ್ನು ನೋಡಿದ್ದರು, ಮೂರು ಎಂದು ಸರಿಯಾಗಿ ಓದಿದ್ದರು. ಓದಿ, ತಮ್ಮ ಕಡೆಯಿಂದ ಒಂದು ಸೇರಿಸಿದ್ದರು.

"ನಾಳೆ ಏನ ಹೇಳಾಕಿ ಮಾಲಕ್ರಿಗೆ?" ಕಾಕಾ ನನ್ನ ಕಡೆ ತಿರುಗಿದರು. ಈಗ ಮುಖದಲ್ಲಿ ತಮಾಷೆಯಿರಲಿಲ್ಲ. "ಚಿಪ್ಪಿಂದಽ ಐತೇನು ತಪ್ಪು?"

ಅವ್ವ ಅಲ್ಲೇ ಇದ್ದಳು. ಜನ ನಮ್ಮನ್ನು ಒತ್ತಿಕೊಂಡು ಇಳಿಯುತ್ತಿದ್ದರು. ಹೇಳುವುದಕ್ಕೆ ನಾಲ್ಕು ಮಾತು ಸಾಕಿತ್ತು.

"ನಾಳೆ ಇನ್ನೊಮ್ಮೆ ನೋಡ್ತೇನ್ರಿ," ಎಂದೆ.

ಅವರು ತಲೆಯಾಡಿಸಿ, ಬೆರಳಲ್ಲಿ ಉಳಿದಿದ್ದ ಭಂಡಾರವನ್ನು ನನ್ನ ಹಣೆಗೆ ಹಚ್ಚಿ ಹೋದರು. ಆ ರಾತ್ರಿ ನಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬಹಳ ಸಲ ಬರೆದೆ, ತಿದ್ದಿದೆ. ಚಿಪ್ಪಿನ ತಪ್ಪು ಎಂದರೆ ಸುಳ್ಳು. ಮೇಲಾಗಿ ಹೊಸ ಚಿಪ್ ಬಂದ ಮೇಲೂ ಬಲ ಬರುವುದಿಲ್ಲ, ಅಷ್ಟರಲ್ಲಿ ಹೊಳೆ ಏರಬಹುದು. ಕಾಯಿಲಿನ ತಪ್ಪು ಎಂದರೆ ಆ ಸ್ಟೂಲು ಖಾಲಿ.

ಸೋಮವಾರ ಮಾಲಕರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಮೊಬೈಲು ಕೈಯಲ್ಲೇ ಇತ್ತು.

"ಹೇಳ್ರಿ ಮೇಡಂ."

"ಚಿಪ್ ಸರಿ ಐತ್ರಿ," ಎಂದೆ. "ಕಾಯಿಲ್‌ನ್ಯಾಗ ಮೂರ ಸುತ್ತ ಇರಬೇಕಾಗಿತ್ತು. ನಾಕ ಅದಾವು."

ಮಾಲಕರು ಕಿಟಕಿಯ ಕಡೆ ತಿರುಗುವ ಮೊದಲೇ ಕಾಕಾ ಎದ್ದು ನಿಂತಿದ್ದರು.

"ನಾಕ ಅದಾವ್ರಿ. ನಾನಽ ಹಾಕೇನಿ. ಗೊತ್ತಿದ್ದಽ ಹಾಕೇನಿ."

"ಗೊತ್ತಿದ್ದು?"

"ಒಂದ ಹೆಚ್ಚಿಗಿ ಇರ್ಲಿ ಅಂತ."

ಮಾಲಕರು ನಿಟ್ಟುಸಿರು ಬಿಟ್ಟರು. ಸಿಟ್ಟಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. "ಕಾಕಾ, ನಮ್ಮ ಅಪ್ಪನ ಕಾಲದಿಂದ ಅದೀರಿ. ನಿಮಗ ನಾ ಏನ ಅನ್ನಲಿ?" ಎಂದು ಮೊಬೈಲಿನಲ್ಲಿ ಸಾಂಗ್ಲಿಯ ನಂಬರು ಹುಡುಕತೊಡಗಿದರು.

"ಮಾಲಕ್ರ," ಎಂದೆ. "ರೆಡಿ ಕಾಯಿಲ್ ಬರಾಕ ಎಷ್ಟ ದಿನಾ?"

"ಎಂಟ ದಿನ ಅಂದಾನ."

"ಅರ್ಧಾ ತಾಸು ಕೊಡ್ರಿ. ಇದು ಬರೇ ಕಾಕಾನ ತಪ್ಪಲ್ಲ. ಮೋಟಾರಿಗೆ ಒಂದ ಸುತ್ತ ಹೆಚ್ಚಾದ್ರ ನಡಿತೈತಿ, ಇದಕ್ಕ ನಡ್ಯೂದಿಲ್ಲ ಅಂತ ನಾ ಅವರಿಗೆ ಹೇಳಽ ಇಲ್ಲ. ಚೀಟಿ ಇಟ್ಟು ಬಂದಿದ್ದೆ. ಅವರು ಈಗ ಒಂದ ಜೋಡಿ ಕಟ್ಟಲಿ. ನಾ ನಿಮ್ಮ ಮುಂದಽ ಅಳೀತೇನಿ."

ಅವರು ಮೊಬೈಲನ್ನು ಕೆಳಗಿಡಲಿಲ್ಲ, ಕರೆಯನ್ನೂ ಮಾಡಲಿಲ್ಲ.

ಕಾಕಾ ಸಣ್ಣ ಡ್ರಿಲ್ ಬಿಟ್ಟಿನ ಮೇಲೆ ತಂತಿ ಸುತ್ತಿದರು. ಒಂದು, ಎರಡು, ಮೂರು. ಮೂರನೆಯದಾದ ಮೇಲೆ ಅವರ ಹೆಬ್ಬೆರಳು ತಂತಿಯ ಮೇಲೇ ನಿಂತಿತು. ಆಮೇಲೆ ಕತ್ತರಿಸಿದರು. ಎರಡನ್ನೂ ನಾನು ಬೋರ್ಡಿಗೆ ಬೆಸೆದು ಮೀಟರಿಗೆ ಜೋಡಿಸಿದೆ.

ಪ್ಲಸ್ ಒಂದು.

"ಐದ ಬೇಕಲ್ಲರಿ?" ಎಂದರು ಮಾಲಕರು ನನ್ನ ಹೆಗಲ ಹಿಂದಿನಿಂದ.

ನಾನು ಬಾಗಿ ಕಾಯಿಲ್ ನೋಡಿದೆ. ಕಾಕಾ ಸುತ್ತುಗಳನ್ನು ಒಂದಕ್ಕೊಂದು ಒತ್ತಿಟ್ಟಿದ್ದರು. ಮೋಟಾರಿನ ಕಚ್ಚುಗಳೊಳಗೆ ತಂತಿ ಹಾಗೇ ಒತ್ತಾಗಿ ಕೂರಬೇಕು. ಇಲ್ಲಿ ಸುತ್ತುಗಳ ನಡುವೆ ಚೂರು ಜಾಗ ಬೇಕು. ಕಾಗದಕ್ಕೆ ಅಂಟಿಸಿದ ಮಾದರಿಯಲ್ಲಿ ಅದು ಕಾಣುತ್ತಿರಲಿಲ್ಲ, ನಾನು ಚೀಟಿಯಲ್ಲಿ ಬರೆದೂ ಇರಲಿಲ್ಲ.

"ಕಾಕಾ, ಸುತ್ತುಗೋಳ ನಡುವ ಸ್ವಲ್ಪ ಸ್ವಲ್ಪ ಸಂದು ಬಿಡಸ್ರಿ. ಕಬ್ಬಿಣದ್ದು ಹಚ್ಚಬ್ಯಾಡ್ರಿ, ಅಂಕಿ ತಪ್ಪತೈತಿ."

ಅವರು ತಮ್ಮ ಡಬ್ಬಿಯಿಂದ ಬಿದಿರಿನ ಚಿಕ್ಕ ಚೂರೊಂದನ್ನು ತೆಗೆದರು. ಮೋಟಾರು ಕಟ್ಟುವಾಗ ತಂತಿಯನ್ನು ಒಳಗೆ ತಳ್ಳುವ ಚೂರು ಅದು; ತುದಿಯನ್ನು ಗಾಜಿನಿಂದ ಹೆರೆದು ಉಗುರಿನಷ್ಟು ತೆಳ್ಳಗೆ ಮಾಡಿದ್ದರು. ಬೋರ್ಡಿನ ಮೇಲೆ ಬಾಗಿ, ಮೊದಲ ಸಂದಿಯಲ್ಲಿ ಅದರ ತುದಿ ಇಟ್ಟರು.

"ನಾ ಕಾಯಿಲ್ ನೋಡ್ತೇನಿ, ನೀ ಅಂಕಿ ಓದು."

"ಒಂದೂವರಿ. ಎರಡು. ಇನ್ನೊಂದ ಕಡೆ ಬಿಡಸ್ರಿ. ಎರಡೂವರಿ. ಮೂರು."

ಅವರು ಬಿದಿರನ್ನು ಮುಂದಿನ ಸಂದಿಗೆ ಸರಿಸಿದರು.

"ಮೂರೂವರಿ. ನಾಕು. ನಾಕೂವರಿ. ಐದು. ಐದರ ಮ್ಯಾಲ ಸ್ವಲ್ಪ. ಇಳೀತ್ರಿ, ಇಳೀತು, ಸಾಕು, ಒಂದ ಚೂರ ಹಿಂದಕ್ಕ."

ಅವರು ಬಿದಿರನ್ನು ತಿರುಗಿಸಿ, ಹೊರಗಿನಿಂದ ಮುಟ್ಟಿದರೋ ಇಲ್ಲವೋ ಎಂಬಂತೆ ಒತ್ತಿದರು. ಗೆರೆ ಮತ್ತೆ ಏರಿ ನಿಂತಿತು. ಐದೂ ಕಾಲು. ಸಿದ್ಧ ಕಾಯಿಲ್ ಹಾಕಿ ಹೀಗೆ ಕೂದಲೆಳೆಯಷ್ಟು ಸರಿಮಾಡಲು ಬರುವುದಿಲ್ಲ; ಬಂದಷ್ಟು ಬಂತು ಎನ್ನಬೇಕು. ಅದನ್ನು ಮಾಲಕರಿಗೆ ಹೇಳಿದೆ. ಅಂದಿನಷ್ಟು ಮಾತನ್ನು ಆ ವರ್ಕ್‌ಶಾಪಿನಲ್ಲಿ ನಾನು ಅದಕ್ಕೆ ಮೊದಲು ಆಡಿರಲಿಲ್ಲ.

ಮಾಲಕರು ಪರದೆಯ ಅಂಕಿ ನೋಡಿದರು. ಆಮೇಲೆ ಹೊರಗೆ ಹೋಗಿ ಫೋನು ಮಾಡಿದರು. ಮಾತು ಮರಾಠಿಯಲ್ಲಿತ್ತು, ಗಾಳಿಗೆ ಪೂರ್ತಿ ಕೇಳಿಸಲಿಲ್ಲ. "ನಕೊ," ಎಂದದ್ದು ಕೇಳಿಸಿತು. ಬೇಡ ಎಂದು. ಒಳಗೆ ಬಂದು ಬಾಗಿಲಲ್ಲೇ ನಿಂತು, "ಬುಧವಾರದೊಳಗ ಎಂಟೂ ಆಗ್ಬೇಕ ನೋಡ್ರಿ. ಮತ್ತ ಕಾಕಾ, ಕೊಡೂದಿದ್ರ ನನಗ ಚಹಾದಾಗ ಸಕ್ಕರಿ ಹೆಚ್ಚಿಗಿ ಕೊಡ್ರಿ, ಇದರಾಗ ಬ್ಯಾಡ," ಎಂದರು. ಮೂಲೆಯಲ್ಲಿ ಸ್ಟಾರ್ಟರ್ ಜೋಡಿಸುತ್ತಿದ್ದವರು ನಕ್ಕರು. ಕಾಕಾ ಕೂಡ ನಕ್ಕಂತೆ ಮಾಡಿದರು.

ಊಟದ ಹೊತ್ತಿಗೆ ನಾಲ್ಕು ಬೋರ್ಡು ಮುಗಿದಿದ್ದವು. ಉಳಿದವರು ಡಬ್ಬಿ ಹಿಡಿದು ಬೇವಿನ ನೆರಳಿಗೆ ಹೋದರು. ಕಾಕಾ ಏಳಲಿಲ್ಲ. ತಂತಿ ಸುತ್ತುತ್ತಲೇ ಕೇಳಿದರು:

"ನಿನಗ ಯಾವಾಗ ಗೊತ್ತಾತು?"

"ಶನಿವಾರ ಸಂಜಿಕ."

"ಐತವಾರ ಗುಡಿ ಮುಂದ ಸಿಕ್ಕಿದ್ದೆಲ್ಲ."

"ಹೌದ್ರಿ."

"ನನಗ ಹೇಳಿದ್ದರ ಆಗಽ ಬಂದು ಬಿಚ್ಚಿ ಕಟ್ಟತಿದ್ದೆ."

"ಅದು ಮಾಲಕ್ರಿಗೆ ಮುಚ್ಚಿಟ್ಟಂಗ ಆಗತಿತ್ರಿ, ಕಾಕಾ."

"ಮುಚ್ಚು ಅಂತ ಯಾರ ಅಂದ್ರು?" ಅವರು ದನಿ ಏರಿಸಲಿಲ್ಲ. "ಅವರಿಗೆ ಹೇಳೂದು ಹೇಳಽಬೇಕು. ಅವರ ಮುಂದ ಹೇಳೂಕಿಂತ ಮೊದಲ ನನಗೊಂದ ಮಾತ ಹೇಳು. ಮೂವತ್ತ ವರ್ಷ ಆತು ಇಲ್ಲಿ ಕುಂತು. ಇವತ್ತ ಮುಂಜಾನೆ ಹುಡುಗರೆಲ್ಲಾ ನೋಡೂ ಹಂಗ ಎದ್ದ ನಿಂತೆ."

ನಾನು ಏನೋ ಹೇಳಲು ಹೊರಟೆ. ಚೀಟಿ, ಜನಜಂಗುಳಿ, ಅವ್ವ ಪಕ್ಕದಲ್ಲಿದ್ದದ್ದು. ಯಾವುದೂ ಹೇಳುವಂಥದಾಗಿರಲಿಲ್ಲ.

"ಹೇಳಬೇಕಾಗಿತ್ರಿ," ಎಂದೆ.

ಅವರು ಎದ್ದು ಬಂದು ಐದನೆಯ ಬೋರ್ಡಿನ ಎರಡು ಕಾಯಿಲ್‌ಗಳನ್ನು ನನ್ನ ಅಂಗೈಗೆ ಹಾಕಿದರು. ಹೋಗಲಿಲ್ಲ. ಭೂತಗನ್ನಡಿಯ ಕಡೆ ಗದ್ದ ತೋರಿಸಿ ಕಾದರು. ನಾನು ಅದನ್ನು ತೆಗೆದುಕೊಂಡು ಅವರ ಎದುರಿಗೇ, ತುಟಿ ಆಡಿಸುತ್ತ, ಎರಡನ್ನೂ ಎಣಿಸಿದೆ.

"ಮೂರು ಮೂರು ಅದಾವ್ರಿ."

"ಹಾಂ," ಎಂದು ಅವರು ತಮ್ಮ ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದರು.